ಕೊನೆಯ ಬೆಂಚಿಗೆ ಎಷ್ಟು ಸೆಕೆಂಡು?

ಅಭ್ಯಾಸ ಬೋಧನೆಯ ಮೂರನೇ ವಾರ ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ ಮಾಡಿದೆ. ಮೇಲ್ವಿಚಾರಕರು ‘ವಿದ್ಯಾರ್ಥಿಗಳ ಸಹಭಾಗಿತ್ವ ಉತ್ತಮ’ ಎಂದು ಬರೆದರು. ಹಿಂದೆ ಕುಳಿತಿದ್ದ ಸಹಪಾಠಿ ಮಾತ್ರ ಮಕ್ಕಳು ಕೂತ ಜಾಗದ ನಕ್ಷೆ ಬರೆದು, ನಾನು ಪ್ರಶ್ನೆ ಕೇಳಿದವರ ಮುಂದೆ ಗೆರೆ ಎಳೆದಿದ್ದಳು. 14 ಪ್ರಶ್ನೆಗಳಲ್ಲಿ 11 ಮುಂದಿನ ಬೆಂಚುಗಳ ಐದೇ ಮಕ್ಕಳ ಪಾಲಾಗಿದ್ದವು. ಕೊನೆಯ ಬೆಂಚಿನ ಹುಡುಗಿಯೊಬ್ಬಳನ್ನು ಒಮ್ಮೆ ಎಬ್ಬಿಸಿದ್ದೆ. ಅವಳು ಬಾಯಿ ತೆರೆಯುವ ಮೊದಲೇ ‘ಕೂತ್ಕೋ’ ಎಂದಿದ್ದೆ.

ಅವಳ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ಅವಳ ಅರ್ಧ ಬರೆದ ನೋಟ್ಸು, ಮಾಸಿದ ಸಮವಸ್ತ್ರ, ‘ಅವಳಿಗೇನೂ ಬರಲ್ಲ’ ಎಂದು ಸಿಬ್ಬಂದಿ ಕೊಠಡಿಯಲ್ಲಿ ಕೇಳಿದ ಮಾತು ಇವೆಲ್ಲ ನನಗಿಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದವು.

ಇದು ನನ್ನೊಬ್ಬಳ ದೋಷವಲ್ಲ. ಅಮೆರಿಕದ ಒಂದನೇ ತರಗತಿಗಳನ್ನು ವೀಕ್ಷಿಸಿ ಬ್ರೋಫಿ ಮತ್ತು ಗುಡ್ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರು ‘ಜಾಣರು’ ಎಂದುಕೊಂಡ ಮಕ್ಕಳಿಗೆ ಸರಿಯುತ್ತರಕ್ಕೆ ಹೆಚ್ಚು ಹೊಗಳಿಕೆ ಸಿಗುತ್ತಿತ್ತು. ಉಳಿದವರಿಗೆ ತಪ್ಪುತ್ತರಕ್ಕೆ ಹೆಚ್ಚು ಟೀಕೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು, ಅದರಲ್ಲೂ ಹಿಂದುಳಿದವರಿಗೆ ಇನ್ನೂ ಕಡಿಮೆ ಎಂದು ಮೇರಿ ಬಡ್ ರೋ ತೋರಿಸಿದರು. ನಿಧಾನವಾಗಿ ಯೋಚಿಸುವ ಮಗುವಿಗೇ ಕಡಿಮೆ ಸಮಯ!

ಅಭ್ಯಾಸ ಪಾಠ ಈ ಚಾಳಿಯನ್ನು ಇನ್ನಷ್ಟು ಬೆಳೆಸುತ್ತದೆ ಎಂಬುದು ನನ್ನ ಅಭಿಪ್ರಾಯ. ಹಿಂದೆ ಅಂಕ ಹಾಕುವವರು ಕುಳಿತಿರುವಾಗ ಸರಿಯುತ್ತರ ಹೇಳುವವರನ್ನೇ ನಾವು ಹುಡುಕುತ್ತೇವೆ. ಪಾಠ ನಮ್ಮದು ಪಾಸಾಗುತ್ತದೆ, ಕಲಿಕೆ ಕೊನೆಯ ಬೆಂಚಿನದು ನಿಲ್ಲುತ್ತದೆ.

ಹೀಗೆ ಕಾಯುತ್ತ ಕೂತರೆ 40 ನಿಮಿಷದಲ್ಲಿ ಪಾಠ ಮುಗಿಯುವುದು ಹೇಗೆ ಎಂದು ಕೇಳಬಹುದು. ಪ್ರಶ್ನೆಗೆ ಮೂರು ಸೆಕೆಂಡಿನಂತೆ ಕಾದರೂ 14 ಪ್ರಶ್ನೆಗೆ 42 ಸೆಕೆಂಡು. ಒಂದು ನಿಮಿಷವೂ ಆಗುವುದಿಲ್ಲ.

ಮರುದಿನ ಅದೇ ಹುಡುಗಿಗೆ, ವಿಸ್ತೀರ್ಣ ಹೆಚ್ಚಾದರೆ ಒತ್ತಡ ಕಡಿಮೆಯಾಗುವುದಕ್ಕೆ ಉದಾಹರಣೆ ಕೇಳಿ, ಮನಸ್ಸಿನಲ್ಲೇ ಎಣಿಸುತ್ತ ನಿಂತೆ. ‘ಅಮ್ಮ ಇಟ್ಟಿಗೆ ಹೊರೋವಾಗ ತಲೆ ಮೇಲೆ ಸಿಂಬೆ ಇಟ್ಕೊಳ್ತಾಳೆ ಮಿಸ್’ ಎಂದಳು. ನನ್ನ ಪಾಠ ಯೋಜನೆಯಲ್ಲಿ ಅಷ್ಟು ಒಳ್ಳೆಯ ಉದಾಹರಣೆ ಇರಲಿಲ್ಲ.

ಒಂದು ಉತ್ತರದಿಂದ ಎಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ಕಪ್ಪುಹಲಗೆ ಬಳಕೆಗೆ, ಧ್ವನಿಯ ಏರಿಳಿತಕ್ಕೆ ಕಾಲಂ ಇದೆ. ಯಾರನ್ನು ಕೇಳಿದೆವು, ಎಷ್ಟು ಕಾದೆವು ಎಂಬುದಕ್ಕೂ ಒಂದು ಕಾಲಂ ಇರಲಿ. ನಮ್ಮ ಕಣ್ಣಿಗೆ ಬೀಳದ ಪಕ್ಷಪಾತ ಆ ಗೆರೆಗಳಲ್ಲಾದರೂ ಕಾಣಲಿ.