ಹೊಲ ಬಿಟ್ಟ ಮಣ್ಣು ಎಲ್ಲಿಗೆ ಹೋಗುತ್ತದೆ?

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ದಿನ ನದಿಯ ಬಣ್ಣ ಬದಲಾಗುತ್ತದೆ. ‘ಹೊಸ ನೀರು ಬಂತು’ ಎನ್ನುತ್ತಾರೆ ಹೊಳೆಸಾಲಿನ ಊರುಗಳ ಜನ. ಮಕ್ಕಳು ನೋಡಲು ಓಡುತ್ತಾರೆ. ಮಸಾರಿ ನೆಲದ ಕಡೆಯಿಂದ ಬಂದ ನೀರಾದರೆ ಕೆಂಪು, ಎರೆಸೀಮೆಯಿಂದ ಬಂದದ್ದಾದರೆ ಕಂದುಗಪ್ಪು. ಯಾರದೋ ಹೊಲದ ಮೇಲ್ಮಣ್ಣು ಆ ಬಣ್ಣ ಕೊಟ್ಟಿರುತ್ತದೆ.

ನಮ್ಮ ದೇಶದಲ್ಲಿ ವರ್ಷಕ್ಕೆ ಎಷ್ಟು ಮಣ್ಣು ಹೀಗೆ ಜಾಗ ಬಿಡುತ್ತದೆ ಎಂಬ ಲೆಕ್ಕವನ್ನು 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಎಂಬ ಇಬ್ಬರು ವಿಜ್ಞಾನಿಗಳು ಹಾಕಿದರು. ಒಟ್ಟು ಸುಮಾರು 533 ಕೋಟಿ ಟನ್. ಹೆಕ್ಟೇರಿಗೆ ಸರಾಸರಿ 16 ಟನ್ನಿಗಿಂತ ತುಸು ಹೆಚ್ಚು. ಹಳೆಯ ಲೆಕ್ಕವೇ ಸರಿ, ಆದರೆ ಅದರ ಇನ್ನೊಂದು ಭಾಗ ಹೆಚ್ಚು ಕುತೂಹಲಕರ. ಹೀಗೆ ಹೊರಟ ಮಣ್ಣಿನಲ್ಲಿ ಶೇಕಡ 29ರಷ್ಟು ಮಾತ್ರ ಸಮುದ್ರ ಸೇರುತ್ತದೆ. ಶೇಕಡ 10ರಷ್ಟು ಜಲಾಶಯಗಳಲ್ಲಿ ಕೂರುತ್ತದೆ. ಉಳಿದ ಶೇಕಡ 61 ನೆಲದ ಮೇಲೆಯೇ ಒಂದೆಡೆಯಿಂದ ಇನ್ನೊಂದೆಡೆಗೆ ಸ್ಥಳಾಂತರವಾಗುತ್ತದೆ, ಅಷ್ಟೇ. ಅಂದರೆ ಸವೆತದ ಕಥೆಯಲ್ಲಿ ಅರ್ಧ ಪಾಲು ಸಂಚಯನದ ಕಥೆ.

ಹದಿನಾರು ಟನ್ ಎಂದರೆ ಗಾಬರಿಯಾಗುತ್ತದೆ. ಹೊಲದ ಯಜಮಾನನಿಗೆ ಮಾತ್ರ ಅದು ಕಾಣುವುದೇ ಇಲ್ಲ. ಒಂದು ಹೆಕ್ಟೇರಿನ ಮೇಲೆ 1 ಮಿಲಿಮೀಟರ್ ದಪ್ಪದ ಪದರವೆಂದರೆ 10 ಘನ ಮೀಟರ್ ಮಣ್ಣು, ತೂಕ ಸುಮಾರು 13 ಟನ್. ಹದಿನಾರು ಟನ್ ಹೋದರೂ ನೆಲ ತಗ್ಗುವುದು ಒಂದೂಕಾಲು ಮಿಲಿಮೀಟರ್. ಯಾವ ಕಣ್ಣಿಗೆ ಗೊತ್ತಾದೀತು? ಆದರೆ ಅದೇ ವರ್ಷ ಹುಟ್ಟಿದ ಮಗು ಕಾಲೇಜು ಮುಗಿಸುವ ಹೊತ್ತಿಗೆ ಒಂದು ಅಂಗುಲ ಮಣ್ಣು ಹೋಗಿರುತ್ತದೆ. ಬೆಳೆಗೆ ಬೇಕಾದ ಸಾರವೆಲ್ಲ ಇರುವುದು ಈ ಮೇಲಿನ ಕೆಲವೇ ಅಂಗುಲಗಳಲ್ಲಿ.

ಈ ಕೆಲಸವನ್ನು ಮೊದಲು ಮಾಡುವುದು ಹರಿಯುವ ನೀರಲ್ಲ, ಬೀಳುವ ಹನಿ. ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಬರಿನೆಲವಾದರೆ ಹೆಂಟೆ ಒಡೆದು ಕಣಗಳು ಮೊಣಕಾಲೆತ್ತರಕ್ಕೆ ಚಿಮ್ಮುತ್ತವೆ. ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ಕಾಣುವ ಮಣ್ಣಿನ ಚುಕ್ಕೆಗಳು ಇದಕ್ಕೆ ಸಾಕ್ಷಿ. ಒಡೆದ ನುಣುಪು ಮಣ್ಣು ನೆಲದ ರಂಧ್ರಗಳನ್ನು ಮುಚ್ಚುತ್ತದೆ, ನೀರು ಇಂಗುವುದು ನಿಂತು ಹರಿಯತೊಡಗುತ್ತದೆ. ಮೊದಲು ತೆಳು ಪದರವಾಗಿ, ಆಮೇಲೆ ಬೆರಳಗಲದ ಸೀಳುಗಳಾಗಿ, ಕೊನೆಗೆ ಎತ್ತಿನ ಗಾಡಿಯೂ ದಾಟಲಾಗದ ಕೊರಕಲಾಗಿ.

ಮುಂದಿನದೆಲ್ಲ ವೇಗದ ಲೆಕ್ಕ. ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64ರಷ್ಟಾಗುತ್ತದೆ ಎಂಬುದು ಜಲವಿಜ್ಞಾನದ ಹಳೆಯ ಸೂತ್ರ. ವೇಗ ಕುಗ್ಗಿದರೆ ಇದೇ ಲೆಕ್ಕ ತಿರುಗುಮುರುಗು: ಮೊದಲು ಕಲ್ಲು, ನಂತರ ಮರಳು, ಆಮೇಲೆ ನುಣುಪು ರೇವೆ ತಳಕ್ಕೆ ಕೂರುತ್ತವೆ. ಜೇಡಿಯ ಅತಿಸೂಕ್ಷ್ಮ ಕಣಗಳು ಎಲ್ಲಕ್ಕಿಂತ ದೂರ ಹೋಗುತ್ತವೆ. ಗೊಬ್ಬರದ ಸತ್ವವನ್ನು ಹಿಡಿದಿಟ್ಟುಕೊಳ್ಳುವುದೂ ಅವೇ. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೇರುತ್ತಿದ್ದುದು ಸುಮ್ಮನೆ ಅಲ್ಲ. ಮಳೆ ಒಯ್ದ ತಮ್ಮದೇ ಮಣ್ಣನ್ನು ಅವರು ವಾಪಸು ತರುತ್ತಿದ್ದರು.

ಕೆರೆಯಿಂದ ಹಾಗೆ ತರಬಹುದು. ತುಂಗಭದ್ರೆಯಂಥ ಜಲಾಶಯದಿಂದ? ಹೊಸಪೇಟೆಯ ಬಳಿಯ ಈ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2016ರ ಸಮೀಕ್ಷೆಯಲ್ಲಿ ಸಿಕ್ಕಿದ್ದು 105.788. ಮಲೆನಾಡಿನಿಂದ ಬಯಲುಸೀಮೆಯವರೆಗೆ ಸುಮಾರು 28 ಸಾವಿರ ಚದರ ಕಿಲೋಮೀಟರ್ ಪ್ರದೇಶದಲ್ಲಿ ಬಿದ್ದ ಮಳೆನೀರು ಇಲ್ಲಿಗೆ ಬಂದು ನಿಲ್ಲುತ್ತದೆ. ನಿಂತ ಕೂಡಲೇ ಹೊರೆ ಇಳಿಸುತ್ತದೆ. 27 ಟಿಎಂಸಿ ಜಾಗವನ್ನು ಹೂಳು ನುಂಗಿದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಕಾಲುವೆಯ ಕೊನೆಯ ಭಾಗದ ರೈತನಿಗೆ ಎರಡನೆಯ ಬೆಳೆಗೆ ನೀರು ಉಂಟೋ ಇಲ್ಲವೋ ಎಂಬುದು ಇಂಥ ಲೆಕ್ಕದ ಮೇಲೆ ನಿಂತಿದೆ.

2017ರ ಬೇಸಿಗೆಯಲ್ಲಿ ಜಲಾಶಯ ಬತ್ತಿದ್ದಾಗ ರೈತರೇ ಹೂಳೆತ್ತಲು ಮುಂದಾದರು. ಮೆಚ್ಚಬೇಕಾದ ಕೆಲಸ. ಆದರೆ ಗಣಿತ ಕಲಿಯುವ ಮಕ್ಕಳು ಒಂದು ಲೆಕ್ಕ ಮಾಡಿ ನೋಡಲಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2.83 ಕೋಟಿ ಘನ ಮೀಟರ್. 27 ಟಿಎಂಸಿಗೆ 76 ಕೋಟಿ ಘನ ಮೀಟರ್ ಆಯಿತು. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ 3 ಘನ ಮೀಟರ್ ಹಿಡಿಯುತ್ತದೆ ಎನ್ನೋಣ. ದಿನಕ್ಕೆ ಸಾವಿರ ಲೋಡ್‌ನಂತೆ, ಒಂದು ದಿನವೂ ಬಿಡದೆ ಎತ್ತಿದರೂ ಸುಮಾರು 700 ವರ್ಷ ಬೇಕು! ಅಷ್ಟರಲ್ಲಿ ಬರುವ ಹೊಸ ಹೂಳನ್ನು ಇದರಲ್ಲಿ ಸೇರಿಸಿಲ್ಲ. ಎತ್ತಿದ್ದನ್ನು ಎಲ್ಲಿ ಸುರಿಯುವುದು ಎಂಬ ಪ್ರಶ್ನೆ ಬೇರೆ.

ಆದ್ದರಿಂದ ಮಣ್ಣು ಕೂರಲೇಬೇಕಾದರೆ ಅದು ಹೊಲದಲ್ಲೇ ಕೂರುವಂತೆ ನೋಡಿಕೊಳ್ಳುವುದು ಅಗ್ಗ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಸಮಪಾತಳಿಯಲ್ಲಿ ಬದು ಹಾಕುವುದು ಇದಕ್ಕೇ. ಪಠ್ಯಪುಸ್ತಕದಲ್ಲಿ ಇದು ಎರಡು ಸಾಲಿನ ಉತ್ತರ. ಹೊಲದಲ್ಲಿ ಅಷ್ಟು ಸಲೀಸಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಹೊಲ ಎಷ್ಟೋ ಕಡೆ ಇಳಿಜಾರಿನುದ್ದಕ್ಕೂ ಪಟ್ಟೆಯಂತೆ ಸೀಳಿಹೋಗಿರುತ್ತದೆ. ಅಲ್ಲಿ ಅಡ್ಡ ಉಳಬೇಕೆಂದರೆ ನಾಲ್ಕು ಹೆಜ್ಜೆಗೊಮ್ಮೆ ಎತ್ತು ತಿರುಗಿಸಬೇಕು. ಸಮಪಾತಳಿ ಬದುವಿಗೆ ಮಾಲೀಕತ್ವದ ಗಡಿ ಗೊತ್ತಿಲ್ಲ. ಅದು ಹೊಲದ ನಡುವೆ ಹಾದು ಮೂಲೆಯಲ್ಲಿ ತ್ರಿಕೋನದ ತುಂಡು ಉಳಿಸಿ ಹೋಗುತ್ತದೆ.

ಎರೆಭೂಮಿಯಲ್ಲಂತೂ ಬದುವಿನದು ಇನ್ನೊಂದು ಫಜೀತಿ. ಆ ಮಣ್ಣು ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ, ಅದರಿಂದಲೇ ಕಟ್ಟಿದ ಬದುವೂ ಬಿರಿಯುತ್ತದೆ. ಮೊದಲ ಮಳೆಯ ನೀರು ಬಿರುಕಿಗೆ ನುಗ್ಗಿ ಬದು ಒಡೆದರೆ, ಹರವಾಗಿ ಹೋಗಬೇಕಾದ ನೀರು ಒಂದೇ ಕಡೆ ನುಗ್ಗಿ ಕೊರಕಲು ಮಾಡುತ್ತದೆ. ಒಡೆಯದಿದ್ದರೆ ನೀರು ಇಂಗದೆ ನಿಂತು ಬೆಳೆ ಹಳದಿಯಾಗುತ್ತದೆ. ಎಷ್ಟೋ ರೈತರು ಸರ್ಕಾರ ಹಾಕಿಸಿಕೊಟ್ಟ ಬದುವನ್ನು ಉತ್ತು ನೆಲಸಮ ಮಾಡಿದರು. ಅವರನ್ನು ಅಜ್ಞಾನಿಗಳೆಂದು ಜರಿಯುವುದು ಸುಲಭ, ಆದರೆ ಅವರ ನೆಲ ಅವರಿಗೆ ಗೊತ್ತಿತ್ತು. ಇಂಥ ನೆಲಕ್ಕೆ ನೀರನ್ನು ತಡೆದು ನಿಲ್ಲಿಸದೆ ನಿಧಾನವಾಗಿ ಒಂದು ಬದಿಗೆ ಸಾಗಿಸುವ, ಸ್ವಲ್ಪ ಓಟವಿರುವ ಬದು ಮತ್ತು ಹುಲ್ಲು ಬೆಳೆಸಿದ ಕಾಲುವೆ ಸೂಕ್ತ. 1954ರಲ್ಲಿ ಆರಂಭವಾದ ಬಳ್ಳಾರಿಯ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಎರೆಭೂಮಿಯ ಇಂಥ ಸಮಸ್ಯೆಗಳ ಮೇಲೆಯೇ ಕೆಲಸ ಮಾಡುತ್ತ ಬಂದಿದೆ. ಇನ್ನೊಂದು ತೊಡಕೆಂದರೆ, ವಿಜಯಪುರದ ಕಡೆ ಹಿಂಗಾರಿ ಜೋಳಕ್ಕೆಂದು ಹೊಲವನ್ನು ಮಳೆಗಾಲವಿಡೀ ಬರಿದಾಗಿ ಬಿಡುವ ರೂಢಿ. ಹನಿಗೆ ಎದುರಾಗಿ ಅಲ್ಲಿ ಒಂದು ಎಲೆಯೂ ಇರುವುದಿಲ್ಲ.

ಬದುವಿಗಿಂತ ಸರಳವಾದ ಉಪಾಯವೊಂದು ದಕ್ಷಿಣದ ಗುಂಡ್ಲುಪೇಟೆಯಲ್ಲಿದೆ. ಅಲ್ಲಿನ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಡುತ್ತಿದ್ದರು. ವಿಶ್ವಬ್ಯಾಂಕಿನ ಕೃಷಿ ತಜ್ಞರು 1980ರ ದಶಕದಲ್ಲಿ ಲಾವಂಚದ ಬೇಲಿಯನ್ನು ಜಗತ್ತಿಗೆ ಪರಿಚಯಿಸಲು ಹೊರಟಾಗ ತೋರಿಸಿದ ಉದಾಹರಣೆಗಳಲ್ಲಿ ಇದೂ ಒಂದು. ಒತ್ತಾಗಿ ನೆಟ್ಟ ಹುಲ್ಲಿನ ಸಾಲು ನೀರನ್ನು ತಡೆಯುವುದಿಲ್ಲ, ಸೋಸಿ ಬಿಡುತ್ತದೆ. ವೇಗ ಕಳೆದುಕೊಂಡ ನೀರು ಮಣ್ಣನ್ನು ಸಾಲಿನ ಮೇಲ್ಬದಿಯಲ್ಲಿ ಇಳಿಸಿ ಮುಂದೆ ಹೋಗುತ್ತದೆ. ವರ್ಷ ಕಳೆದಂತೆ ಅಲ್ಲಿ ತಾನಾಗಿಯೇ ಮೆಟ್ಟಿಲು ಏಳುತ್ತದೆ, ಹುಲ್ಲೂ ಅದರ ಜೊತೆಗೆ ಮೇಲೇರುತ್ತದೆ. ಬೇರು ಆಳಕ್ಕಿಳಿಯುವುದರಿಂದ ಬರಗಾಲಕ್ಕೂ ಜಗ್ಗುವುದಿಲ್ಲ. ಸಾಲು ಅಗಲವಾಗದಂತೆ ರೈತರು ಉಳುವಾಗಲೆಲ್ಲ ಅಂಚನ್ನೂ ಸೇರಿಸಿ ಉಳುತ್ತಿದ್ದರು, ಅಷ್ಟೇ ಆರೈಕೆ. ಆದರೆ ಸುಗಂಧದ ಬೇರಿನ ಆಸೆಗೆ ಬುಡ ಅಗೆದರೆ ಮಾತ್ರ ಕೆಟ್ಟಿತು. ಗಟ್ಟಿಯಾಗಿ ಹಿಡಿದಿದ್ದ ಮಣ್ಣು ಸಡಿಲವಾಗಿ ಮುಂದಿನ ಮಳೆಗೆ ಹೊರಟುಬಿಡುತ್ತದೆ.

ಇದನ್ನೆಲ್ಲ ಮನೆಯ ಹಿತ್ತಲಲ್ಲೇ ನೋಡಬಹುದು. ಎರಡು ಹಳೆಯ ಟ್ರೇಗಳ ಒಂದು ತುದಿಗೆ ಸಣ್ಣ ತೂತು ಮಾಡಿ, ಒಂದೇ ಬಗೆಯ ಮಣ್ಣು ತುಂಬಿ, ತೂತಿನ ಕಡೆಗೆ ವಾಲಿಸಿಡಬೇಕು. ಒಂದರ ಮೇಲೆ ಒಣಹುಲ್ಲು ಹಾಸಲಿ, ಇನ್ನೊಂದು ಬರಿದಾಗಿರಲಿ. ಗಿಡಕ್ಕೆ ನೀರೆರೆಯುವ ಜರಡಿ ಮೂತಿಯ ಡಬ್ಬದಿಂದ, ಸಮನಾದ ಎತ್ತರದಿಂದ, ಎರಡಕ್ಕೂ ಒಂದೊಂದು ಲೀಟರ್ ನೀರು ಹೊಯ್ದು, ಹೊರಬಂದದ್ದನ್ನು ಎರಡು ಗಾಜಿನ ಬಾಟಲಿಗಳಲ್ಲಿ ಹಿಡಿಯಬೇಕು. ಯಾವುದರಲ್ಲಿ ನೀರು ಕಡಿಮೆ, ಯಾವುದರಲ್ಲಿ ಮಣ್ಣು ಹೆಚ್ಚು ಎಂದು ಬರೆದಿಟ್ಟು, ಬಾಟಲಿಗಳನ್ನು ಅಲುಗಿಸದೆ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ತಳದಲ್ಲಿ ಮರಳು, ಅದರ ಮೇಲೆ ರೇವೆ ಪದರವಾಗಿ ಕೂತಿರುತ್ತವೆ. ಬರಿ ಮಣ್ಣಿನಿಂದ ಬಂದ ನೀರು ಅಷ್ಟು ಹೊತ್ತಿಗೂ ತಿಳಿಯಾಗದೆ ಬಣ್ಣ ಉಳಿಸಿಕೊಂಡಿದ್ದರೆ, ಆ ಬಣ್ಣ ಸಮುದ್ರದವರೆಗೆ ಹೋಗುವ ಪಾಲಿನದು.