ಸೈಟಿನ ಕೆಳಗೆ ಯಾರ ಹೊಲ?

ಹಾಸ್ಟೆಲಿನಲ್ಲಿ ಓದಿ ನೌಕರಿ ಹಿಡಿದ ನಮ್ಮವರ ಮೊದಲ ಆಸೆ ಒಂದು ಸೈಟು. ಇಪ್ಪತ್ತಕ್ಕೆ ಮೂವತ್ತು, 600 ಚದರಡಿ. ಇದು ಮಧ್ಯಮ ವರ್ಗದ ರೋಗ ಅಂತ ಗೇಲಿ ಮಾಡುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಮಾಡಲಿ. ಬಾಡಿಗೆ ಮನೆ ಬಾಗಿಲಲ್ಲಿ "ನೀವು ಯಾವ ಜನ?" ಅಂತ ಕೇಳಿಸಿಕೊಂಡವರಿಗೆ ಗೊತ್ತು, ಸ್ವಂತ ಬಾಗಿಲು ಅಂದ್ರೆ ಏನು ಅಂತ. ಬರೋಡಾದಲ್ಲಿ ತಂಗಿದ್ದ ಕೋಣೆಯಿಂದಲೇ ಹೊರಹಾಕಿಸಿಕೊಂಡ ಬಾಬಾಸಾಹೇಬರು 1930ರ ದಶಕದಲ್ಲಿ ಬೊಂಬಾಯಿಯ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು, ತಮಗೂ ತಮ್ಮ ಪುಸ್ತಕಗಳಿಗೂ.

ಸೈಟು ಕೊಳ್ಳಬೇಡಿ ಎಂದು ನಾವು ಹೇಳುತ್ತಿಲ್ಲ. ಅದರ ಕೆಳಗೆ ಯಾರ ಹೊಲ ಇದೆ ಅಂತ ಕೇಳಿ ಎನ್ನುತ್ತಿದ್ದೇವೆ.

ಬೆಂಗಳೂರು, ಮೈಸೂರುಗಳ ಅಂಚಿನಲ್ಲಿ ಕಲ್ಲು ನೆಟ್ಟು ಸೈಟು ಮಾಡಿರುವ ಎಷ್ಟೋ ಜಮೀನು ಒಂದು ಕಾಲಕ್ಕೆ ನಮ್ಮ ಅಜ್ಜಂದಿರಿಗೆ ಸರ್ಕಾರ ಸಾಗುವಳಿ ಚೀಟಿ ಕೊಟ್ಟು ಮಂಜೂರು ಮಾಡಿದ್ದು. ಇಂತಿಷ್ಟು ವರ್ಷ ಪರಭಾರೆ ಮಾಡಕೂಡದು ಎಂಬ ಷರತ್ತು ಆ ಚೀಟಿಯಲ್ಲೇ ಇತ್ತು. ಆದರೂ ಮದುವೆ ಸಾಲಕ್ಕೋ ಆಸ್ಪತ್ರೆ ಖರ್ಚಿಗೋ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೊಟ್ಟ ದುಡ್ಡು ಒಂದು ವರ್ಷವೂ ಉಳಿಯಲಿಲ್ಲ.

ಈ ಲೂಟಿ ತಡೆಯಲೆಂದೇ ದೇವರಾಜ ಅರಸರ ಕಾಲದಲ್ಲಿ 1978ರ ಕಾಯಿದೆ ಬಂತು. 1979ರ ಜನವರಿ 1ರಿಂದ ಜಾರಿಯಾಯಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಅದು ಅಸಿಂಧು. ಷರತ್ತು ಮುರಿದು ಅದಕ್ಕೂ ಮುಂಚೆ ಮಾರಿದ್ದೂ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಕೊಡಿಸಬಹುದು. ಉಳ್ಳವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ತಡಮಾಡಿ ಬಂದ ಅರ್ಜಿ ನಿಲ್ಲದು ಎಂದಿತು. ಓದು ಬರಹ ಇಲ್ಲದವರು ತಡವಾಗಿ ಬರದೆ ಇನ್ನು ಹೇಗೆ ಬಂದಾರು? ಹೋರಾಟದ ಒತ್ತಾಯಕ್ಕೆ 2023ರಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಆಯಿತು.

"ಪಿಟಿಸಿಎಲ್ ಇದೆ" ಅಂತ ಬ್ರೋಕರುಗಳು ಅಂಟುರೋಗದ ಹೆಸರಿನ ಹಾಗೆ ಪಿಸುಗುಡುವುದು ಇದೇ ಕಾಯಿದೆಯನ್ನು. ನಮ್ಮ ಹುಡುಗನಿಗೆ ಮಾತ್ರ ಪಿಸುಗುಡುವುದಿಲ್ಲ. "ಎಲ್ಲಾ ಕ್ಲಿಯರ್ ಸಾರ್" ಅಂತಾರೆ. ಕಾಯಿದೆ ಕೊಂಡವನ ಜಾತಿ ಕೇಳುವುದಿಲ್ಲ. ನಾಳೆ ನೋಟೀಸು ಬಂದಾಗ ಒಂದು ಕಡೆ ಹೊಲ ಕಳೆದುಕೊಂಡ ನಮ್ಮ ಅಜ್ಜಿ, ಇನ್ನೊಂದು ಕಡೆ ಸಾಲ ಮಾಡಿ ಗೋಡೆ ಎಬ್ಬಿಸಿದ ನಮ್ಮದೇ ಗುಮಾಸ್ತ. ಕೋರ್ಟಿನ ಒಂದೇ ಬೆಂಚಿನ ಮೇಲೆ ಇಬ್ಬರೂ. ನಡುವೆ ದುಡ್ಡು ಎಣಿಸಿಕೊಂಡವನು ಮುಂದಿನ ಲೇಔಟಿನಲ್ಲಿ ಕಲ್ಲು ನೆಡುತ್ತಿರುತ್ತಾನೆ.

ಋಣಭಾರ ಪತ್ರ ಒಂದನ್ನೇ ನಂಬಬೇಡಿ. ಅದರಲ್ಲಿ ಸಿಗುವುದು ನೋಂದಣಿಯಾದ ವ್ಯವಹಾರ ಮಾತ್ರ. ಮಂಜೂರಾತಿಯ ಕಥೆ ತಾಲ್ಲೂಕು ಕಚೇರಿಯ ಕಡತದಲ್ಲಿ, ಹಳೆಯ ಕೈಬರಹದ ಪಹಣಿಯಲ್ಲಿ ಇರುತ್ತದೆ. ಅದರ ದೃಢೀಕೃತ ನಕಲು ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ. ಬರೀ ಜಿಪಿಎ ತೋರಿಸಿದರೆ ಎದ್ದು ಬನ್ನಿ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಸೈಟು ಕೊಳ್ಳುವ ವಯಸ್ಸು ನಮ್ಮದಲ್ಲ ಅನ್ನಬೇಡಿ ಹಾಸ್ಟೆಲ್ ಗೆಳೆಯರೇ. ಈ ರಜೆಗೆ ಊರಿಗೆ ಹೋದಾಗ ಅವ್ವನ ಟ್ರಂಕಿನ ತಳದಲ್ಲಿರುವ ಸಾಗುವಳಿ ಚೀಟಿ ತೆಗೆದು ಸರ್ವೆ ನಂಬರ್ ಬರೆದುಕೊಳ್ಳಿ. ಆ ನಂಬರಿನ ಪಹಣಿ ತೆಗೆಸಿ, ಈಗ ಅದರಲ್ಲಿ ಯಾರ ಹೆಸರಿದೆ ನೋಡಿ. ಮುಂದಿನ ಸಭೆಗೆ ಬರುವಾಗ ಎರಡೂ ಹಾಳೆ ಜೊತೆಯಲ್ಲಿರಲಿ.