ಬಿದ್ದ ವಿಮಾನಗಳನ್ನು ಎತ್ತಬೇಕೆ?

ಮನೆಯಲ್ಲಿ ಏನಾದರೂ ಮುರಿದರೆ, ತುಕ್ಕು ಹಿಡಿದರೆ, ಅದನ್ನು ಹಿತ್ತಿಲ ಮೂಲೆಗೆ ಹಾಕುತ್ತೇವೆ. ನಾಲ್ಕು ದಿನ ಕಳೆದು ಗುಜರಿಯವನು ಬಂದಾಗ ತೂಕಕ್ಕೆ ಕೊಟ್ಟು, ಸಿಕ್ಕಿದಷ್ಟು ಹಣ ಎಣಿಸಿಕೊಂಡು, ಕಸ ಹೋಯಿತೆಂದು ನೆಮ್ಮದಿಪಡುತ್ತೇವೆ. ಹೀಗಿರುವ ನಮಗೆ, ಐವತ್ತು ವರ್ಷ ಹಿಂದೆ ಬಿದ್ದ ಯುದ್ಧವಿಮಾನವೊಂದನ್ನು ಹಿಮದಡಿಯಿಂದ ಎತ್ತುವುದಕ್ಕಾಗಿ ಹತ್ತು ಹನ್ನೆರಡು ವರ್ಷ ದುಡಿದು, ಕೈಯ ಹಣವನ್ನೂ ಕಳೆದ ಜನರ ಕಥೆ ಕೇಳಿದಾಗ ಮೊದಲು ಬರುವುದು ನಗು. ‘ಇವರಿಗೆ ಮಾಡಲು ಬೇರೆ ಕೆಲಸವಿಲ್ಲವೆ?’ ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಆ ಪ್ರಶ್ನೆಯನ್ನು ನಾವೂ ಕೇಳಿದವರೇ. ಆದರೆ ಸಂಗತಿಗಳನ್ನು ಒಂದೊಂದಾಗಿ ತಿಳಿಯುತ್ತ ಹೋದಂತೆ ನಮ್ಮ ಅಭಿಪ್ರಾಯ ಬದಲಾಯಿತು. ಅದು ಹೇಗೆ ಬದಲಾಯಿತು, ಎಷ್ಟರ ಮಟ್ಟಿಗೆ ಬದಲಾಯಿತು ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡನೆಯ ಮಹಾಯುದ್ಧದ ಕಾಲ. 1942ನೆಯ ಇಸವಿ ಜುಲೈ 15ರಂದು ಅಮೆರಿಕದ ಆರು ಪಿ-38 ಕಾಳಗದ ವಿಮಾನಗಳೂ ಎರಡು ಬಿ-17 ಬಾಂಬರುಗಳೂ ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಗ್ರೀನ್‌ಲೆಂಡಿನಿಂದ ಐಸ್‌ಲೆಂಡಿನ ಕಡೆಗೆ ಹೊರಟವು. ಹವೆ ಕೆಟ್ಟಿತು. ಮುಂದೆ ಹೋಗಲಾಗದೆ ಹಿಂದಿರುಗಿದವು. ಅಷ್ಟರಲ್ಲಿ ಇಂಧನ ಮುಗಿಯುತ್ತ ಬಂದಿತ್ತು. ಬೇರೆ ಉಪಾಯವಿಲ್ಲದೆ ಎಂಟೂ ವಿಮಾನಗಳು ಗ್ರೀನ್‌ಲೆಂಡಿನ ಹಿಮದ ಬಯಲಿನ ಮೇಲೆಯೇ ಇಳಿದವು. ಮೊದಲನೆಯದು ಚಕ್ರಗಳನ್ನು ಇಳಿಬಿಟ್ಟು ನೆಲಮುಟ್ಟಿದ್ದರಿಂದ ಮಗುಚಿಬಿತ್ತು. ಅದನ್ನು ಕಂಡ ಉಳಿದವರು ಚಕ್ರಗಳನ್ನು ಮಡಚಿಕೊಂಡೇ ಹೊಟ್ಟೆಯ ಮೇಲೆ ಜಾರಿಸಿ ಇಳಿಸಿದರು. ಇಪ್ಪತ್ತೈದು ಮಂದಿಯೂ ಬದುಕಿ ಉಳಿದರು. ಕೆಲವು ದಿನಗಳಲ್ಲಿ ನಾಯಿಗಳು ಎಳೆಯುವ ಜಾರುಬಂಡಿಯೊಡನೆ ಸಹಾಯದ ತಂಡ ಬಂದು ಅವರನ್ನು ಕರೆದೊಯ್ದಿತು. ವಿಮಾನಗಳು ಮಾತ್ರ ಅಲ್ಲಿಯೇ ಉಳಿದವು.

1980ರ ದಶಕದ ಆರಂಭದಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಪ್ಯಾಟ್ ಎಪ್ಸ್ ಮತ್ತು ರಿಚರ್ಡ್ ಟೇಲರ್ ಎಂಬ ಇಬ್ಬರು ಗೆಳೆಯರಿಗೆ ಈ ವಿಮಾನಗಳ ಹುಚ್ಚು ಹಿಡಿಯಿತು. ಒಬ್ಬರು ವಿಮಾನದ ವ್ಯವಹಾರದವರು, ಇನ್ನೊಬ್ಬರು ಕಟ್ಟಡಗಳ ನಕ್ಷೆ ಬರೆಯುವವರು. ಮೇಲಿನ ಹಿಮ ಗುಡಿಸಿ, ಎಣ್ಣೆ ಹಾಕಿದರೆ ಹಾರಿಸಿಕೊಂಡು ಬರಬಹುದು ಎಂದೇ ಅವರು ಮೊದಲು ನಂಬಿದ್ದರಂತೆ! ಹೋಗಿ ನೋಡಿದರೆ ಬಿಳಿಯ ಬಯಲಲ್ಲದೆ ಬೇರೇನೂ ಇಲ್ಲ. ವರ್ಷ ವರ್ಷವೂ ಬಿದ್ದ ಹಿಮ ಗಟ್ಟಿಯಾಗಿ ವಿಮಾನಗಳನ್ನು ನುಂಗಿತ್ತು. ಅಷ್ಟೇ ಅಲ್ಲ, ಹಿಮರಾಶಿ ಮೆಲ್ಲಮೆಲ್ಲನೆ ಚಲಿಸುವುದರಿಂದ ಅವು ಇಳಿದ ಜಾಗದಿಂದ ಒಂದು ಮೈಲಿಗೂ ಹೆಚ್ಚು ದೂರ ಸರಿದಿದ್ದವು. ತಂಡ ಕಟ್ಟಿ, ಹಣ ಕೂಡಿಸಿ, ಮತ್ತೆ ಮತ್ತೆ ಹೋಗಿ, ಬರಿಗೈಯಲ್ಲಿ ಮರಳಿ, ಕೊನೆಗೆ 1988ರಲ್ಲಿ ರೇಡಾರಿನ ನೆರವಿನಿಂದ ಅವುಗಳ ನೆಲೆ ಕಂಡುಹಿಡಿದರು. ಆಳ ಇನ್ನೂರೈವತ್ತು ಅಡಿಗಿಂತಲೂ ಹೆಚ್ಚು!

ಹತ್ತು ಹದಿನೈದು ಕೋಲು ಬಾವಿ ತೋಡುವ ಕಷ್ಟವೇನೆಂಬುದು ನಮ್ಮ ಕಾಸರಗೋಡು ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಗುಡ್ಡದ ಹೊಟ್ಟೆ ಕೊರೆದು ಸುರಂಗದಿಂದ ನೀರು ತರುವ ನಮ್ಮ ಹಿರಿಯರು ಈ ಕಥೆಯನ್ನು ಕೇಳಿದ್ದರೆ ನಗುತ್ತಿರಲಿಲ್ಲ. ಹೇಗೆ ತೋಡಿದರೆಂದು ಕೇಳುತ್ತಿದ್ದರು. ತೋಡಿದ ಬಗೆ ಹೀಗೆ: ಶಂಕುವಿನಾಕಾರದ ಒಂದು ಸಾಧನ, ಅದರ ಸುತ್ತ ತಾಮ್ರದ ಕೊಳವೆ, ಕೊಳವೆಯೊಳಗೆ ಹರಿಯುವ ಬಿಸಿನೀರು. ಅದು ಹಿಮವನ್ನು ಕರಗಿಸುತ್ತ ಗಂಟೆಗೆ ಅಡಿ ಎರಡಡಿಯಂತೆ ಕೆಳಗಿಳಿಯಿತು. ಹೀಗಾದ ನಾಲ್ಕು ಅಡಿ ಅಗಲದ ಬಾವಿಯೊಳಗೆ ಮನುಷ್ಯರು ಇಳಿದು, ತಳದಲ್ಲಿ ಬಿಸಿನೀರು ಹಾಯಿಸಿ ವಿಮಾನದ ಸುತ್ತ ಒಂದು ಗುಹೆಯನ್ನೇ ಮಾಡಿದರು. 1990ರಲ್ಲಿ ಮೊದಲು ತಲುಪಿದ್ದು ಒಂದು ಬಿ-17. ಅದು ಹಿಮದ ಭಾರಕ್ಕೆ ಸಿಕ್ಕಿ ಜಜ್ಜಿಹೋಗಿತ್ತು. ಅಷ್ಟಕ್ಕೇ ಬಿಟ್ಟು ಬಂದಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಅವರು ಬಿಡಲಿಲ್ಲ. 1992ರಲ್ಲಿ ಒಂದು ಪಿ-38 ವಿಮಾನವನ್ನು ತಲುಪಿ, ಅದನ್ನು ಬಿಡಿಬಿಡಿಯಾಗಿ ಕಳಚಿ, ಆಗಸ್ಟ್ ತಿಂಗಳ ಮೊದಲಲ್ಲಿ ಅದರ ಕೊನೆಯ ದೊಡ್ಡ ಭಾಗವನ್ನು ಮೇಲೆ ತಂದರು. ಕೆಂಟಕಿ ರಾಜ್ಯದ ಮಿಡಲ್ಸ್‌ಬರೋ ಎಂಬ ಊರಿನಲ್ಲಿ ರಾಯ್ ಶಾಫ್ನರ್ ಎಂಬವರ ಹಣದ ನೆರವಿನಿಂದ ಹತ್ತು ವರ್ಷ ದುರಸ್ತಿ ನಡೆಯಿತು. ‘ಗ್ಲೇಸಿಯರ್ ಗರ್ಲ್’, ಅಂದರೆ ‘ಹಿಮನದಿಯ ಹುಡುಗಿ’ ಎಂಬ ಹೆಸರು ಹೊತ್ತು ಅದು 2002ನೆಯ ಅಕ್ಟೋಬರ್ 26ರಂದು ಸಾವಿರಾರು ಜನರ ಕಣ್ಣೆದುರು ಮತ್ತೆ ಆಕಾಶಕ್ಕೇರಿತು.

ಇದರಲ್ಲಿ ನಮ್ಮ ಮನಸ್ಸನ್ನು ಮೊದಲು ಸೆಳೆದದ್ದು ವಿಮಾನವಲ್ಲ, ಕೂಟ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ನಮ್ಮಲ್ಲಿದೆ. ಒಬ್ಬನಿಗೆ ರೇಡಾರ್ ಗೊತ್ತು, ಒಬ್ಬನಿಗೆ ಎಂಜಿನ್ ಗೊತ್ತು, ಒಬ್ಬನಿಗೆ ಅಡುಗೆ ಗೊತ್ತು, ಒಬ್ಬನಿಗೆ ಹಣ ಕೂಡಿಸುವ ಮಾತು ಗೊತ್ತು. ಇವರನ್ನೆಲ್ಲ ಒಂದುಗೂಡಿಸಿದ್ದು ಸರಕಾರದ ಆಜ್ಞೆಯಲ್ಲ, ಒಂದು ಆಸೆ. ಆಸೆಯಿಂದ ಕೂಡಿದವರು ಸೋಲಿನ ದಿನವೂ ಚದುರುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಆದರೆ ಆಸೆಯೊಂದೇ ಸಾಲದು. ಅದಕ್ಕೂ ನಿದರ್ಶನ ಗ್ರೀನ್‌ಲೆಂಡಿನಲ್ಲಿಯೇ ಇದೆ. 1947ರ ಫೆಬ್ರವರಿಯಲ್ಲಿ ‘ಕೀ ಬರ್ಡ್’ ಎಂಬ ಬಿ-29 ಬಾಂಬರು ಉತ್ತರ ಗ್ರೀನ್‌ಲೆಂಡಿನ ಹೆಪ್ಪುಗಟ್ಟಿದ ಸರೋವರವೊಂದರ ಬಳಿ ಇಳಿಯಿತು. ಅದರಲ್ಲಿದ್ದ ಹನ್ನೊಂದು ಮಂದಿಯೂ ಪಾರಾದರು. 1994ರಲ್ಲಿ ಡಾರಿಲ್ ಗ್ರೀನಮೈಯರ್ ಎಂಬ ಹೆಸರಾಂತ ಚಾಲಕರ ಮುಂದಾಳುತನದಲ್ಲಿ ತಂಡವೊಂದು ಅಲ್ಲಿಗೆ ಹೋಗಿ, ಹೊಸ ಎಂಜಿನ್, ಹೊಸ ಟಯರು ಜೋಡಿಸಿ, ಅದನ್ನು ಅಲ್ಲಿಂದಲೇ ಹಾರಿಸಲು ಹೊರಟಿತು. ಚಳಿಗಾಲ ಬಂದು ಕೆಲಸ ನಿಂತಿತು. ತಂಡದ ಮುಖ್ಯ ಯಂತ್ರಜ್ಞರು ಅಲ್ಲಿಯೇ ಕಾಯಿಲೆ ಬಿದ್ದು, ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುವರ್ಷ ಮತ್ತೆ ಹೋದರು. 1995ರ ಮೇ 21ರಂದು ಎಂಜಿನುಗಳು ಗುಡುಗಿದವು, ವಿಮಾನ ಹಿಮದ ಮೇಲೆ ಚಲಿಸಿತು. ಅಷ್ಟರಲ್ಲಿ ಹಿಂಭಾಗದಲ್ಲಿ ತಾತ್ಕಾಲಿಕವಾಗಿ ಕಟ್ಟಿದ್ದ ಇಂಧನದ ತೊಟ್ಟಿಯಿಂದ ಬೆಂಕಿ ಹತ್ತಿ, ಐವತ್ತು ವರ್ಷ ಕೆಡದೆ ಉಳಿದಿದ್ದ ವಿಮಾನ ನೋಡನೋಡುತ್ತಲೇ ಸುಟ್ಟುಹೋಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹೇಳಿಬಿಡುವುದು ಸುಲಭ. ಅಂಥ ಚಳಿಯಲ್ಲಿ ಕೈ ಮರಗಟ್ಟಿ ದುಡಿದವರನ್ನು ಇಲ್ಲಿ ನೆರಳಲ್ಲಿ ಕುಳಿತು ಹಳಿಯಲು ನಮಗೆ ಮನಸ್ಸಿಲ್ಲ. ಆದರೂ ಒಂದು ಮಾತು ಹೇಳದೆ ವಿಧಿಯಿಲ್ಲ. ಹಳೆಯ ವಸ್ತುವನ್ನು ಮುಟ್ಟುವವನ ಮೊದಲ ಕರ್ತವ್ಯ ಅದನ್ನು ಹಾಳುಮಾಡದಿರುವುದು. ಎತ್ತಲಾಗದಿದ್ದರೆ ಹಾಗೆಯೇ ಬಿಟ್ಟುಬಂದರೂ ಸೋಲಲ್ಲ.

ಇನ್ನು ಇದಕ್ಕಿಂತ ದೊಡ್ಡ ಪ್ರಶ್ನೆ: ವಿಮಾನದೊಳಗೆ ಮನುಷ್ಯರಿದ್ದರೆ? 1944ರ ಮೇ ತಿಂಗಳಲ್ಲಿ ಕೆನಡಾದ ವಾಯುಪಡೆಯ ಹ್ಯಾಲಿಫ್ಯಾಕ್ಸ್ ಬಾಂಬರೊಂದು ಬೆಲ್ಜಿಯಂನ ಕೆಸರು ಬಯಲಿಗೆ ಉರುಳಿ ಹೂತುಹೋಯಿತು. ಎಂಟು ಮಂದಿಯಲ್ಲಿ ಐವರ ಶವಗಳು ಸಿಕ್ಕಿದವು. ಮೂವರು ಅದರೊಳಗೇ ಉಳಿದರು. 1997ರಲ್ಲಿ ಆಸಕ್ತರ ತಂಡ ಕೆಸರನ್ನು ತೋಡಿ ಆ ಮೂವರನ್ನು ಹೊರತೆಗೆಯಿತು. ಅವರನ್ನು ಸೈನಿಕ ಮರ್ಯಾದೆಯೊಡನೆ ಸಮಾಧಿ ಮಾಡಲಾಯಿತು. ಅರ್ಧ ಶತಮಾನದ ತರುವಾಯ ಮನೆಯವರಿಗೆ ‘ಇಲ್ಲಿದ್ದಾನೆ’ ಎಂದು ಹೇಳಲು ಒಂದು ಜಾಗ ದೊರೆಯಿತು. ಆ ವಿಮಾನದ ಅಲ್ಯೂಮಿನಿಯಂ ಕರಗಿಸಿ, 2012ರಲ್ಲಿ ಲಂಡನ್ನಿನಲ್ಲಿ ಅನಾವರಣಗೊಂಡ ಬಾಂಬರ್ ಕಮಾಂಡ್ ಸ್ಮಾರಕದ ಛಾವಣಿಗೆ ಬಳಸಿದರು. ಸತ್ತವರಿಗೆ ಕ್ರಿಯೆ ಮಾಡದೆ ಮನಸ್ಸು ನಿಲ್ಲದ ನಮ್ಮಂಥವರಿಗೆ ಈ ಕೆಲಸದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಯಾರು ಬೇಕಾದರೂ ಹಾರೆ ಹಿಡಿದು ಹೊರಡಬಹುದೆಂದಲ್ಲ. ಬ್ರಿಟನ್ನಿನಲ್ಲಿ 1986ರ ಕಾನೂನಿನಂತೆ, ಬಿದ್ದ ಸೇನಾ ವಿಮಾನವನ್ನು ಅನುಮತಿಯಿಲ್ಲದೆ ಕೆದಕುವುದು ಅಪರಾಧ. ಇದು ನ್ಯಾಯವಾದುದೆಂದೇ ನಮ್ಮ ಮತ. ಸಮಾಧಿಗೂ ಗುಜರಿಗೂ ವ್ಯತ್ಯಾಸ ತಿಳಿಯದವನು ಈ ಕೆಲಸಕ್ಕೆ ಕೈಹಾಕಬಾರದು.

ಬಿದ್ದ ನೆಲದ ಜನರಿಗೂ ಒಂದು ಹಕ್ಕಿದೆ. ಪಪುವಾ ನ್ಯೂಗಿನಿಯ ಜೌಗಿನಲ್ಲಿ 1942ರಲ್ಲಿ ಇಳಿದ ಬಿ-17 ವಿಮಾನವೊಂದನ್ನು 2006ರಲ್ಲಿ ಅಮೆರಿಕದವರು ಕಳಚಿದಾಗ, ‘ಇದು ನಮ್ಮ ದೇಶದ ಆಸ್ತಿಯಲ್ಲವೆ?’ ಎಂಬ ವಿವಾದವೆದ್ದು, ಅದು ವರ್ಷಗಟ್ಟಲೆ ಬಂದರಿನಲ್ಲಿಯೇ ಬಿದ್ದಿತ್ತು. 2010ರಲ್ಲಿ ಅದು ಅಮೆರಿಕ ಸೇರಿತು. ಅದು ಬಿದ್ದದ್ದು ಯಾರ ವಿಮಾನ ಎಂಬುದು ಸರಿ. ಆದರೆ ಅರವತ್ತು ವರ್ಷ ಅದರ ಪಕ್ಕದಲ್ಲಿ ಬಾಳಿದವರನ್ನು ಕೇಳದೆ ಎತ್ತಿಕೊಂಡು ಹೋಗುವುದು ಮರ್ಯಾದೆಯೆನಿಸದು.

ಇದೆಲ್ಲ ಹಣವುಳ್ಳ ದೇಶಗಳ ವಿನೋದ, ನಮಗೇಕೆ ಎಂದು ಕೆಲವರು ಕೇಳಬಹುದು. ಅವರಿಗೆ ನಾವು ಕಾನ್ಪುರವನ್ನು ನೆನಪಿಸುತ್ತೇವೆ. ಯುದ್ಧ ಮುಗಿದಾಗ ಅಲ್ಲಿ ಹತ್ತಾರು ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತದ ಬಳಿ ದೊಡ್ಡ ಬಾಂಬರುಗಳಿರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ರಾಶಿಯ ನಡುವೆ ನಿಂತು, ಒಂದರ ರೆಕ್ಕೆ, ಇನ್ನೊಂದರ ಬಾಲ ಕೂಡಿಸಿ, ಹೇಗೋ ಹಾರುವಷ್ಟು ಸರಿಪಡಿಸಿದರು. ಪರೀಕ್ಷಾ ಚಾಲಕ ಜಮ್‌ಷೆಡ್ ಮುನ್ಷಿಯವರು ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಹೀಗೆ ಸುಮಾರು ನಲ್ವತ್ತು ವಿಮಾನಗಳು ಮರುಹುಟ್ಟು ಪಡೆದು, 1948ರಿಂದ 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ನಿವೃತ್ತಿಯ ಬಳಿಕ ಇಂಗ್ಲೆಂಡ್, ಅಮೆರಿಕ, ಕೆನಡಾಗಳ ಸಂಗ್ರಹಾಲಯಗಳು ಇವೇ ವಿಮಾನಗಳನ್ನು ಆದರದಿಂದ ಬರಮಾಡಿಕೊಂಡವು. ಕೆಡಿಸಿ ಎಸೆದವರೇ ಕೊನೆಗೆ ಪ್ರದರ್ಶನಕ್ಕಿಟ್ಟುಕೊಂಡ ಈ ವಿಚಿತ್ರಕ್ಕೆ ಏನೆನ್ನೋಣ! ಇನ್ನೊಂದು, 1947ರಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಹೊತ್ತೊಯ್ದ ಡಕೋಟಾ ವಿಮಾನಗಳ ನೆನಪಿಗೆ, ಗುಜರಿಯ ಪಾಲಾಗಲಿದ್ದ ಒಂದು ಡಕೋಟಾವನ್ನು ಹಳೆಯ ಡಕೋಟಾ ಚಾಲಕರೊಬ್ಬರ ಮಗ ದುರಸ್ತಿ ಮಾಡಿಸಿ 2018ರಲ್ಲಿ ವಾಯುಪಡೆಗೆ ಕಾಣಿಕೆಯಿತ್ತರು. ಅದಕ್ಕೆ ‘ಪರಶುರಾಮ’ ಎಂದು ಹೆಸರಿಟ್ಟರು. ಪರಶುರಾಮ ಕ್ಷೇತ್ರದವರಾದ ನಮಗೆ ಆ ಹೆಸರು ಪರಕೀಯವಲ್ಲ.

ಯುದ್ಧದ ಯಂತ್ರಗಳನ್ನು ಹೀಗೆ ಮೆರೆಸುವುದು ಯುದ್ಧವನ್ನೇ ಮೆರೆಸಿದಂತಲ್ಲವೆ ಎಂಬ ಆಕ್ಷೇಪವನ್ನೂ ನಾವು ತಳ್ಳಿಹಾಕುವುದಿಲ್ಲ. ಅದು ಹೇಗೆ ಇಡುತ್ತೇವೆ ಎಂಬುದರ ಮೇಲೆ ನಿಂತಿದೆ. ಬಣ್ಣ ಬಳಿದು ಬರಿಯ ಶೌರ್ಯ ಹೇಳಿದರೆ ಆಕ್ಷೇಪ ನಿಜವಾಗುತ್ತದೆ. ಅದರಲ್ಲಿ ಕುಳಿತಿದ್ದ ಹುಡುಗನ ವಯಸ್ಸು, ಅವನ ಬಾಂಬು ಬಿದ್ದ ಊರು, ಎರಡನ್ನೂ ಪಕ್ಕದಲ್ಲಿ ಬರೆದಿಟ್ಟರೆ ಅದೇ ವಿಮಾನ ಯುದ್ಧದ ವಿರುದ್ಧ ಸಾಕ್ಷಿ ಹೇಳುತ್ತದೆ.

ಕೊನೆಗೆ ನಮ್ಮದೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ಹಳೆಯ ಕಪಾಟು ತೆರವು ಮಾಡುವಾಗ, ಗೆದ್ದಲು ಹಿಡಿದಿದ್ದ ಹಾಜರಿ ಪುಸ್ತಕಗಳನ್ನು ನಾವು ಕೆಲವರು ಸೇರಿ ತೂಕಕ್ಕೆ ಕೊಟ್ಟೆವು. ಆ ಸಂಜೆ ಊರಿನ ವೃದ್ಧರೊಬ್ಬರು ಬಂದು, ‘ನನ್ನ ಅಕ್ಕನ ಹೆಸರು ಅದರಲ್ಲಿತ್ತಲ್ಲ ಮಾಷ್ಟ್ರೇ, ಅವಳು ಮೂರನೇ ಕ್ಲಾಸಿನಲ್ಲೇ ತೀರಿಹೋದಳು, ಅವಳ ಹೆಸರು ಬರೆದದ್ದು ಬೇರೆಲ್ಲಿಯೂ ಇಲ್ಲ’ ಎಂದರು. ನಾವು ಅಂಗಡಿಗೆ ಓಡಿದೆವು, ಲಾರಿ ಹೋಗಿತ್ತು. ಇನ್ನೂರೈವತ್ತು ಅಡಿ ಹಿಮದಡಿಯಿಂದ ಒಂದು ವಿಮಾನವನ್ನು ಎತ್ತಿದವರನ್ನು ನೋಡಿ ನಗುವ ಅಧಿಕಾರವನ್ನು ನಾವು ಆ ಸಂಜೆಯೇ ಕಳೆದುಕೊಂಡೆವು.

ವಿದ್ಯಾರ್ಥಿ ಮಿತ್ರರೆ, ನಮ್ಮ ಸುತ್ತ ಹಿಮವಿಲ್ಲ, ಬಾಂಬರುಗಳೂ ಬಿದ್ದಿಲ್ಲ. ಆದರೆ ಅಟ್ಟದ ಮೇಲೆ, ಕಪಾಟಿನ ತಳದಲ್ಲಿ ಬಿದ್ದಿರುವ ವಸ್ತುಗಳಿವೆ. ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ, ತಿಳಿದವರನ್ನು ಕೇಳಿ, ನಾಲ್ಕು ಮಂದಿ ಗೆಳೆಯರನ್ನು ಕೂಡಿಸಿಕೊಳ್ಳಿ. ಎತ್ತಬೇಕೆ ಎಂದು ಕೇಳಿದರೆ, ಎತ್ತಬೇಕು ಎಂದೇ ನಮ್ಮ ಉತ್ತರ. ಆದರೆ ತಾಳ್ಮೆಯಿಂದ, ಅನುಮತಿ ಪಡೆದು, ಅದರೊಡನೆ ಬಿದ್ದವರನ್ನು ಮರೆಯದೆ.